ಫೋ ಗಾ: ಎಣ್ಣೆ ಪೊಟ್ಟಣ ಕೊನೆಗೇ ಹಾಕಿ

ಫೋ ಗಾ ಅಂದರೆ ವಿಯೆಟ್ನಾಂನ ಕೋಳಿ ಸಾರಿನ ಅಕ್ಕಿ ನೂಡಲ್ಸ್. ಅದರ ಇನ್‌ಸ್ಟಂಟ್ ಪ್ಯಾಕೆಟ್ ಒಡೆದರೆ ಒಳಗೆ ಅಕ್ಕಿ ನೂಡಲ್ಸಿನ ಒಂದು ಬಿಲ್ಲೆ, ಜೊತೆಗೆ ಎರಡು ಮೂರು ಪುಟ್ಟ ಪೊಟ್ಟಣ. ಒಂದರಲ್ಲಿ ಪುಡಿ, ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ಒಣಗಿದ ಈರುಳ್ಳಿ ಸೊಪ್ಪು. ಬಹಳಷ್ಟು ಪ್ಯಾಕೆಟ್‌ಗಳಲ್ಲಿ ಕೋಳಿ ತುಂಡು ಹುಡುಕಿದರೂ ಸಿಗುವುದಿಲ್ಲ. ಆದರೂ ಬಿಸಿನೀರು ಬಿದ್ದ ಸ್ವಲ್ಪ ಹೊತ್ತಿಗೇ ಅಡುಗೆಮನೆಯೆಲ್ಲ ಕೋಳಿ ಸಾರಿನ ಘಮ. ಇದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ವಿಯೆಟ್ನಾಂನ ರಾಜಧಾನಿ ಹನೋಯಿಯ ಅಡುಗೆಯವರು ಗಂಟೆಗಟ್ಟಲೆ ಒಂದೇ ಪಾತ್ರೆಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಬಿಡಿಬಿಡಿಯಾಗಿ ಕಟ್ಟಿಟ್ಟಿದ್ದಾರೆ. ಮತ್ತೆ ಜೋಡಿಸುವುದು ನಮ್ಮ ಪಾಲಿಗೆ ಬಂದಿದೆ. ಅದಕ್ಕೊಂದು ಕ್ರಮ ಇದೆ.

ಮೊದಲು ನೂಡಲ್ಸ್. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಮಾರುಕಟ್ಟೆಗೆ ತಂದದ್ದು ಗೋಧಿ ನೂಡಲ್ಸ್. ಅದನ್ನು ಬೇಯಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ, ಆಮೇಲೆ ಬಿಸಿನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಫೋ ನೂಡಲ್ಸಿನ ದಾರಿ ಬೇರೆ. ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟನ್ನು ತೆಳ್ಳಗೆ ಹರಡಿ ಆವಿಯಲ್ಲಿ ಬೇಯಿಸುತ್ತಾರೆ. ತಣಿದ ಮೇಲೆ ಪಟ್ಟಿ ಕತ್ತರಿಸಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಕರಿಯುವ ಮಾತೇ ಇಲ್ಲ.

ಅಕ್ಕಿಯಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಗ್ಲುಟನ್ ಎಂಬ ಪ್ರೋಟೀನ್ ಇಲ್ಲ. ಹಾಗಾದರೆ ಎಳೆ ಬಿಸಿನೀರಿನಲ್ಲಿ ಗಂಜಿಯಾಗದೆ ಉಳಿಯುವುದು ಹೇಗೆ? ಬೆಂದಾಗ ಪಿಷ್ಟದ ಕಣಗಳು ಉಬ್ಬುತ್ತವೆ, ಒಳಗಿನ ಅಮೈಲೋಸ್ ಎಂಬ ಉದ್ದನೆಯ ಎಳೆಗಳು ಹೊರಗೆ ಬರುತ್ತವೆ. ತಣಿಯುವಾಗ ಅವು ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತವೆ. ನಮ್ಮ ಒತ್ತು ಶಾವಿಗೆ ಒರಳಿನಿಂದ ಇಳಿದಾಗ ಮೆತ್ತಗಿದ್ದು ಆಮೇಲೆ ಬಿಗಿಯಾಗುತ್ತದಲ್ವಾ, ಅದೂ ಇದೇ. ಈ ಅಮೈಲೋಸ್ ಬಲೆ 100 ಡಿಗ್ರಿ ಸೆಲ್ಸಿಯಸ್‌ಗೂ ಕರಗುವುದಿಲ್ಲ. ಅದಕ್ಕೇ ಅಮೈಲೋಸ್ ಜಾಸ್ತಿ ಇರುವ, ಉದುರುದುರಾಗುವ ಅಕ್ಕಿಯೇ ಇದಕ್ಕೆ ಬೇಕು.

ಅಂದರೆ ನೂಡಲ್ಸ್ ಆಗಲೇ ಬೆಂದಿದೆ. ನಾವು ಕೊಡಬೇಕಾದದ್ದು ನೀರು ಮತ್ತು ಬಿಸಿ ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅಷ್ಟು ಸಾಕು. ತಣ್ಣಗಿರುವ ಬಟ್ಟಲೇ ನಿಜವಾದ ತೊಂದರೆ, ಸುರಿದ ಕೂಡಲೇ ಅದು ಬಿಸಿ ಎಳೆದುಕೊಳ್ಳುತ್ತದೆ. ಬಟ್ಟಲಿಗೆ ಮೊದಲು ಸ್ವಲ್ಪ ಕುದಿನೀರು ಹಾಕಿ ಚೆಲ್ಲಿ. ಆಮೇಲೆ ನೂಡಲ್ಸ್ ಮತ್ತು ಒಣ ಸೊಪ್ಪು ಹಾಕಿ, ನೀರು ಸುರಿದು ಮುಚ್ಚಿಡಿ. ಮೂರು ನಿಮಿಷ.

ಇನ್ನು ಪುಡಿ. ಇದು ನಾಲಿಗೆಯ ಪಾಲು. ಪ್ಯಾಕೆಟ್ ಹಿಂದೆ ಸಾಮಾನ್ಯವಾಗಿ 621, 631 ಎಂಬ ಸಂಖ್ಯೆಗಳಿರುತ್ತವೆ, ರುಚಿ ಹೆಚ್ಚಿಸುವ ಪದಾರ್ಥಗಳವು. 621 ಅಂದರೆ ನಮ್ಮ ಗೋಬಿ ಮಂಚೂರಿ ಗಾಡಿಗಳ ಟೇಸ್ಟಿಂಗ್ ಪೌಡರ್, ಗ್ಲುಟಮೇಟ್. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ ಇದನ್ನು ಕಡಲ ಪಾಚಿಯಿಂದ ಬೇರ್ಪಡಿಸಿ, ಮಾಂಸದ ಸಾರಿನಂಥ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅವರ ಶಿಷ್ಯ ಶಿಂಟಾರೊ ಕೊಡಾಮಾ 1913ರಲ್ಲಿ ಒಣ ಮೀನಿನಲ್ಲಿ ಕಂಡುಕೊಂಡ ಇನೋಸಿನೇಟ್ 631. ಎರಡೂ ಸೇರಿದರೆ ರುಚಿ ಹಲವು ಪಟ್ಟು ಏರುತ್ತದೆ. ನಾಲಿಗೆಯಲ್ಲಿ ರುಚಿ ಗುರುತಿಸುವ ಒಂದೇ ಗ್ರಾಹಕವನ್ನು (ರಿಸೆಪ್ಟರ್) ಎರಡೂ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಇನೋಸಿನೇಟ್ ಬಂದು ಕೂತರೆ ಗ್ಲುಟಮೇಟ್ ಸುಲಭವಾಗಿ ಬಿಟ್ಟುಹೋಗುವುದಿಲ್ಲ.

ಹನೋಯಿಯ ಪಾತ್ರೆಯಲ್ಲೂ ನಡೆಯುವುದು ಇದೇ. ಕೋಳಿ ಮಾಂಸ ಇನೋಸಿನೇಟ್ ಕೊಡುತ್ತದೆ, ಅವರು ಸುರಿಯುವ ಮೀನಿನ ಸಾಸ್ ಗ್ಲುಟಮೇಟ್ ಕೊಡುತ್ತದೆ. ಈ ಸಂಖ್ಯೆಗಳನ್ನು ಕಂಡು ಹೆದರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಟೊಮೆಟೊದಲ್ಲಿ, ತಾಯಿಹಾಲಿನಲ್ಲಿ ಇರುವುದೂ ಇದೇ ಗ್ಲುಟಮೇಟ್.

ಆದರೆ ನಾಲಿಗೆಗೆ ಕೋಳಿ ಯಾವುದು ಅಂತ ಗೊತ್ತಾಗುವುದಿಲ್ಲ. ಬೇಕಾದರೆ ನೋಡಿ. ಮೂಗು ಬಿಗಿಯಾಗಿ ಹಿಡಿದು ಒಂದು ಗುಟುಕು ಕುಡಿಯಿರಿ. ಉಪ್ಪು, ಸ್ವಲ್ಪ ಸಿಹಿ, ಬಾಯಿ ತುಂಬುವ ಉಮಾಮಿ, ಅಷ್ಟೇ. ಈಗ ಮೂಗು ಬಿಡಿ. ಗಂಟಲಿನ ಹಿಂದಿನಿಂದ ಗಾಳಿ ಮೂಗಿಗೆ ಏರಿದ ಕ್ಷಣವೇ ಕೋಳಿ, ಶುಂಠಿ, ಈರುಳ್ಳಿ ಎಲ್ಲ ಒಟ್ಟಿಗೆ ಬರುತ್ತವೆ. ಕೋಳಿ ಕೊಬ್ಬಿನ ಆ ಘಮದಲ್ಲಿ ದೊಡ್ಡ ಪಾಲು ಡೆಕಾಡೈಯನಾಲ್ ಎಂಬ ಅಣುವಿನದು. ಕೊಬ್ಬಿನಲ್ಲಿರುವ ಲಿನೋಲಿಕ್ ಆಮ್ಲ ಬಿಸಿಯಲ್ಲಿ ಒಡೆದಾಗ ಅದು ಹುಟ್ಟುತ್ತದೆ. ಇಂಥ ಘಮದ ಅಣುಗಳು ನೀರಿನಲ್ಲಿ ನಿಲ್ಲುವುದು ಕಡಿಮೆ, ಎಣ್ಣೆಯಲ್ಲಿ ಜಾಸ್ತಿ.

ಎಣ್ಣೆಗೆ ಬೇರೆ ಪೊಟ್ಟಣ ಇರುವುದು ಇದಕ್ಕೇ. ಅದನ್ನು ಮೊದಲೇ ಹಾಕಿ ಕುದಿಸಿದರೆ ಘಮವೆಲ್ಲ ಹಬೆಯ ಜೊತೆ ಹೊರಟುಹೋಗುತ್ತದೆ. ಮನೆ ಘಮಘಮ, ಬಟ್ಟಲು ಸಪ್ಪೆ. ಮುಚ್ಚಳ ತೆಗೆದ ಮೇಲೆ, ತಿನ್ನುವ ಮುಂಚೆ ಹಾಕಿ. ಮೇಲೆ ತೇಲುವ ಚಿನ್ನದ ಬಣ್ಣದ ಹನಿಗಳಿಂದ ಘಮ ಒಂದೊಂದು ಗುಟುಕಿಗೂ ಸ್ವಲ್ಪ ಸ್ವಲ್ಪವೇ ಬರುತ್ತದೆ. ಹಸಿ ನಿಂಬೆ ಎಲೆಯನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚಿ ಉದುರಿಸಿದರೆ ಇನ್ನೂ ಚೆನ್ನ. ಕೋಳಿಯ ಜೊತೆ ಆ ಎಲೆ ವಿಯೆಟ್ನಾಂನಲ್ಲಿ ಹಳೆಯ ಜೋಡಿ.

ಉಪ್ಪಿನ ಬಗ್ಗೆ ಮಾತ್ರ ನನಗೆ ನಿಜವಾದ ಕಾಳಜಿ ಇದೆ. ವಿಯೆಟ್ನಾಂನಲ್ಲಿ 2021ರಲ್ಲಿ ತಲಾ ಸುಮಾರು 87 ಪ್ಯಾಕೆಟ್ ಇನ್‌ಸ್ಟಂಟ್ ನೂಡಲ್ಸ್ ಖರ್ಚಾಯಿತು, ಜಗತ್ತಿನಲ್ಲೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಪೂರ್ತಿ ಪುಡಿ ಹಾಕಿ ಸಾರೆಲ್ಲ ಕುಡಿದರೆ ಅದರಲ್ಲಿ ದೊಡ್ಡ ಪಾಲು ಒಂದೇ ಬಟ್ಟಲಲ್ಲಿ ಮುಗಿಯುತ್ತದೆ. ಉಪ್ಪು ಇರುವುದು ಪುಡಿಯಲ್ಲಿ, ಘಮದ ಹೆಚ್ಚಿನ ಪಾಲು ಎಣ್ಣೆಯಲ್ಲಿ. ಹಾಗಾಗಿ ಪುಡಿಯಲ್ಲಿ ಮೂರನೇ ಒಂದು ಭಾಗ ಪೊಟ್ಟಣದಲ್ಲೇ ಉಳಿಸಿ, ಎಣ್ಣೆ ಪೂರ್ತಿ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ. ಹುಳಿ ಇದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.