ಮೃಗಶಿರದ ಮಳೆ ಮತ್ತು ಮೈಕ್ರೋಡೋಸಿನ ಲೆಕ್ಕ

ಅಡಿಕೆ ಸೊಕ್ಕುವುದು ಎಂದರೇನೆಂದು ಮಲೆನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಒಂದೇ ಹರಿವಾಣದ ಕವಳ ಹಾಕಿದ ನಾಲ್ವರಲ್ಲಿ ಒಬ್ಬರಿಗೆ ತಲೆ ಗಿರ್ರೆನ್ನುತ್ತದೆ, ಬೆವರು ಇಳಿಯುತ್ತದೆ; ಉಳಿದ ಮೂವರು ಮಾತು ಮುಂದುವರಿಸುತ್ತಾರೆ. ಹೊಸ ಅಡಿಕೆಯೋ, ಖಾಲಿ ಹೊಟ್ಟೆಯೋ, ಅಭ್ಯಾಸವಿಲ್ಲವೋ ಎಂದು ನಾವು ತಕ್ಷಣ ಕೇಳುತ್ತೇವೆ. ಮನಸ್ಸಿನ ಗ್ರಹಿಕೆಯನ್ನೇ ಬದಲಿಸುವ ಸೈಲೋಸೈಬಿನ್ ಎಂಬ ಸತ್ವವಿರುವ ಅಣಬೆಯ ಮೈಕ್ರೋಡೋಸ್, ಅಂದರೆ ಕಿರುಪ್ರಮಾಣದ, ವಿಷಯ ಬಂದಾಗ ಮಾತ್ರ ಈ ಪ್ರಶ್ನೆಗಳೆಲ್ಲ ಮಾಯವಾಗುತ್ತವೆ. ಪೂರ್ತಿ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗ ತಿಂದು ಒಬ್ಬ ‘ಮನಸ್ಸು ಹಗುರಾಯಿತು’ ಎಂದರೆ, ಇನ್ನೊಬ್ಬ ‘ಏನೂ ಆಗಲಿಲ್ಲ’ ಅನ್ನುತ್ತಾನೆ, ಮೂರನೆಯವನಿಗೆ ದಿನವಿಡೀ ಚಡಪಡಿಕೆ. ಕಾರಣ ಕೇಳಿದರೆ ಸಿಗುವ ಉತ್ತರ ಒಂದೇ: ‘ಅವರವರ ಪ್ರಕೃತಿ.’ ಇದು ಉತ್ತರವೇ ಅಲ್ಲ, ಪ್ರಶ್ನೆಯನ್ನು ಮುಚ್ಚಿಡುವ ಬಟ್ಟೆ.

ಮೊದಲು ಅಣಬೆಯನ್ನೇ ನೋಡಬೇಕು. 1958ರಲ್ಲಿ ಸ್ವಿಟ್ಜರ್‌ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಮೆಕ್ಸಿಕೋದ ಅಣಬೆಯಿಂದ ಸೈಲೋಸೈಬಿನ್ ಬೇರ್ಪಡಿಸಿದ. ಯಾವ ಅಂಶದಲ್ಲಿ ಸತ್ವ ಇದೆ ಎಂಬುದು ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಸ್ಪಷ್ಟವಾಗದೆ, ಅವನು ಒಣಗಿದ 32 ಅಣಬೆಗಳನ್ನು, ಒಟ್ಟು 2.4 ಗ್ರಾಂ, ತಾನೇ ತಿಂದು ನೋಡಿದ್ದ. ಆದರೆ ಗ್ರಾಂ ಲೆಕ್ಕ ಅಣಬೆಯ ತೂಕ ಹೇಳುತ್ತದೆಯೇ ಹೊರತು ಸತ್ವದ ತೂಕವನ್ನಲ್ಲ. 1982ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಒಂದೇ ಜಾತಿಯ ಅಣಬೆಯನ್ನು ಪ್ರಯೋಗಾಲಯದಲ್ಲಿ ಕಟ್ಟುನಿಟ್ಟಾಗಿ ಬೆಳೆಸಿದರೂ ಸತ್ವ ನಾಲ್ಕು ಪಟ್ಟಿನವರೆಗೆ ಏರುಪೇರಾಗಿತ್ತು. ಹೊರಗಿನಿಂದ ತಂದವುಗಳಲ್ಲಿ ಹತ್ತು ಪಟ್ಟು. ತೋಟದ ಒಂದೇ ಅಡಿಕೆಗೊನೆಯಲ್ಲಿ ಬೆಟ್ಟೆ, ಗೊರಬಲು ಎಂಬ ಬೇರೆ ಬೇರೆ ದರ್ಜೆಯ ಅಡಿಕೆ ಸಿಗುವಂತೆ ಇದು. ಪುಡಿ ಮಾಡಿಟ್ಟರೆ ಗಾಳಿ ತಗುಲಿ ಸತ್ವ ಇನ್ನಷ್ಟು ಸೋರುತ್ತದೆ. ನಮ್ಮ ಆಷಾಢದ ತೇವದಲ್ಲಿ ಹಪ್ಪಳವೇ ಗರಿಗರಿ ಉಳಿಯುವುದಿಲ್ಲ, ಇನ್ನು ಅಣಬೆ ಪುಡಿ?

ಇನ್ನು ನಿಜವಾದ ಚಂದ ಇರುವ ಜಾಗ. ಸೈಲೋಸೈಬಿನ್ ತಾನಾಗಿ ಮೆದುಳಿಗೆ ಹೆಚ್ಚೇನೂ ಮಾಡುವುದಿಲ್ಲ. ಅದರ ತಲೆಯ ಮೇಲೆ ಒಂದು ಫಾಸ್ಫೇಟ್ ಗುಂಪು ಕೂತಿರುತ್ತದೆ. ಕರುಳಿನಲ್ಲಿ, ಯಕೃತ್ತಿನಲ್ಲಿ ಇರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ತೆಗೆದಾಗ ಉಳಿಯುವುದು ಸೈಲೋಸಿನ್. ಕೆಲಸ ಮಾಡುವುದು ಇದು. ಸಿಪ್ಪೆ ಸುಲಿದ ಮೇಲೆ ಅಡಿಕೆಯ ತೂಕ ಇಳಿಯುವಂತೆ ಇಲ್ಲೂ ಇಳಿಯುತ್ತದೆ: 25 ಮಿಲಿಗ್ರಾಂ ಸೈಲೋಸೈಬಿನ್ ಸುಲಿದರೆ ಸುಮಾರು 18 ಮಿಲಿಗ್ರಾಂ ಸೈಲೋಸಿನ್. ಅಣಬೆಗೂ ಈ ಸುಲಿಯುವ ವಿದ್ಯೆ ಗೊತ್ತು. ಅದನ್ನು ಜಜ್ಜಿದಾಗ ಅದರದೇ ಕಿಣ್ವ ಫಾಸ್ಫೇಟ್ ಕಿತ್ತು, ಇನ್ನೊಂದು ಕಿಣ್ವ ಸೈಲೋಸಿನ್‌ಗಳನ್ನು ಒಂದಕ್ಕೊಂದು ಬೆಸೆದು ನೀಲಿ ಬಣ್ಣ ಮೂಡಿಸುತ್ತದೆ. ಹೆಚ್ಚಿದ ಬಾಳೆದಿಂಡು ಕಪ್ಪಾಗದಿರಲೆಂದು ಮಜ್ಜಿಗೆಗೆ ಹಾಕುತ್ತೇವಲ್ಲ, ಅಲ್ಲಿ ನಡೆಯುವುದೂ ಇದೇ ಬಗೆಯ ಉತ್ಕರ್ಷಣ. ಗಾಢ ನೀಲಿಯಾದಷ್ಟೂ ಸತ್ವ ಹೆಚ್ಚು ಎಂದು ನಂಬುವವರಿದ್ದಾರೆ. ಆ ನೀಲಿ ಸತ್ವ ಖರ್ಚಾದದ್ದರ ಗುರುತು.

ಸೈಲೋಸಿನ್ ಮೆದುಳಿನಲ್ಲಿ ಸೆರೊಟೋನಿನ್‌ನ 5-ಎಚ್‌ಟಿ2ಎ ಗ್ರಾಹಕಗಳಿಗೆ, ಅಂದರೆ ನರಕೋಶದ ಮೇಲೆ ಸಂಕೇತ ಹಿಡಿಯುವ ಅಣುಗಳಿಗೆ, ಅಂಟುತ್ತದೆ. ಮೈಕ್ರೋಡೋಸಿನಲ್ಲೇ ಏಕೆ ಇಷ್ಟು ಭಿನ್ನತೆ ಎಂಬುದಕ್ಕೆ ಉತ್ತರ ಈ ಅಂಟಿನ ಗಣಿತದಲ್ಲಿದೆ. ಪುಷ್ಯ ಮಳೆಯ ಹೊತ್ತಿಗೆ ಆಗುಂಬೆಯ ನೆಲ ನೀರು ಕುಡಿದು ತುಂಬಿರುತ್ತದೆ. ಇನ್ನೊಂದು ಇಂಚು ಸುರಿದರೂ ಹರಿದು ಹಳ್ಳ ಸೇರುತ್ತದೆ. ಮೃಗಶಿರದ ಮೊದಲ ಮಳೆಯ ಮಾತೇ ಬೇರೆ. ಅಲ್ಲಿ ಅರ್ಧ ಇಂಚು ಹೆಚ್ಚು ಬಿದ್ದರೆ ನೇಗಿಲು ಇಳಿಯುತ್ತದೆ, ಕಡಿಮೆಯಾದರೆ ಧೂಳು. ಶಿವಮೊಗ್ಗದಿಂದ ಹೊರಡುವ ಖಾಲಿ ಬಸ್ಸಿಗೆ ಹತ್ತು ಜನ ಹತ್ತಿದರೆ ಹತ್ತೂ ಸೀಟು ತುಂಬುತ್ತವೆ. ತೀರ್ಥಹಳ್ಳಿಯಲ್ಲಿ ಕಿಕ್ಕಿರಿದ ಬಸ್ಸಿಗೆ ಹತ್ತು ಜನ ಬಂದರೆ ಒಂದು ಸೀಟು ಸಿಕ್ಕರೆ ಹೆಚ್ಚು. ಉಪ್ಪಿಲ್ಲದ ಸಾರಿಗೆ ಬಿದ್ದ ಚಿಟಿಕೆ ಉಪ್ಪು ನಾಲಗೆಗೆ ತಿಳಿಯುತ್ತದೆ, ಉಪ್ಪಿನಕಾಯಿ ಜಾಡಿಗೆ ಬಿದ್ದದ್ದು ತಿಳಿಯುವುದಿಲ್ಲ.

ಕೋಪನ್‌ಹೇಗನ್‌ನ ಸಂಶೋಧಕರು ಇದನ್ನು ಮೆದುಳಿನ ಚಿತ್ರ ತೆಗೆಯುವ ಪಿಇಟಿ ಸ್ಕ್ಯಾನ್‌ನಲ್ಲಿ ಅಳೆದು 2019ರಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಲೀಟರಿಗೆ ಸುಮಾರು 2 ಮೈಕ್ರೋಗ್ರಾಂ ಸೈಲೋಸಿನ್ ಇದ್ದಾಗ ತುಂಬಿದ ಗ್ರಾಹಕಗಳ ಪಾಲನ್ನು ತೋರುವ ರೇಖೆ ತನ್ನ ಅರ್ಧ ಎತ್ತರ ಮುಟ್ಟುತ್ತದೆ. ಎಷ್ಟು ಏರಿಸಿದರೂ ಒಟ್ಟು ಗ್ರಾಹಕಗಳ ಮುಕ್ಕಾಲಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ರೇಖೆಯ ಮೇಲೆ ಲೆಕ್ಕ ಹಾಕಿ. ರಕ್ತದಲ್ಲಿನ ಪ್ರಮಾಣ 8ರಿಂದ 32 ಮೈಕ್ರೋಗ್ರಾಂಗೆ, ಅಂದರೆ ನಾಲ್ಕು ಪಟ್ಟು ಏರಿದರೂ ತುಂಬಿದ ಗ್ರಾಹಕಗಳು ಶೇ. 61ರಿಂದ 72ಕ್ಕೆ ಮಾತ್ರ ಏರುತ್ತವೆ. ಕೆಳಗೆ 0.5ರಿಂದ 2ಕ್ಕೆ, ಅದೇ ನಾಲ್ಕು ಪಟ್ಟು ಏರಿದರೆ ಶೇ. 15ರಿಂದ 38ಕ್ಕೆ ಜಿಗಿತ. ದೊಡ್ಡ ಪ್ರಮಾಣ ಜನರ ನಡುವಿನ ವ್ಯತ್ಯಾಸವನ್ನು ಮುಳುಗಿಸಿಬಿಡುತ್ತದೆ, ಕಿರುಪ್ರಮಾಣ ಅದನ್ನು ಎತ್ತಿ ತೋರಿಸುತ್ತದೆ. ‘ಕಡಿಮೆ ತಾನೇ, ಎಲ್ಲರಿಗೂ ಒಂದೇ’ ಎಂಬ ನಂಬಿಕೆ ತಲೆಕೆಳಗು.

ರಕ್ತದಲ್ಲಿನ ಪ್ರಮಾಣ ದೇಹದಿಂದ ದೇಹಕ್ಕೆ ಬದಲಾಗುವುದು ಹೇಗೆ? ತೂಕದಿಂದ ಎಂದು ಬಹಳ ಜನ ತಿಳಿದಿದ್ದಾರೆ. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 288 ಜನರ ದಾಖಲೆ ನೋಡಿದಾಗ ದೇಹದ ತೂಕಕ್ಕೂ ಅನುಭವದ ತೀವ್ರತೆಗೂ ನಂಟು ಕಾಣಲಿಲ್ಲ. ಹೆಚ್ಚು ಮುಖ್ಯವಾದದ್ದು ಹೊರದಬ್ಬುವ ಕೆಲಸ. ಕರುಳಿನ ಯುಜಿಟಿ1ಎ10, ಯಕೃತ್ತಿನ ಯುಜಿಟಿ1ಎ9 ಎಂಬ ಕಿಣ್ವಗಳು ಸೈಲೋಸಿನ್‌ಗೆ ಒಂದು ಸಕ್ಕರೆಯಾಮ್ಲ ಕಟ್ಟಿ ಮೂತ್ರಕ್ಕೆ ಕಳಿಸುತ್ತವೆ. ಎರಡು ಮೂರು ಗಂಟೆಗೆ ಅರ್ಧ ಖಾಲಿ. ಗದ್ದೆಯ ನೀರನ್ನು ಮಳೆಯೊಂದೇ ನಿರ್ಧರಿಸುವುದಿಲ್ಲ, ಕಂಟದ ತೂಬು ಎಷ್ಟು ತೆರೆದಿದೆ ಎಂಬುದೂ ನಿರ್ಧರಿಸುತ್ತದೆ. ಗ್ರಾಹಕದ ವಂಶವಾಹಿಯಲ್ಲೂ ಭಿನ್ನ ರೂಪಗಳಿವೆ, ಅವುಗಳಲ್ಲಿ ಕೆಲವು ಸೈಲೋಸಿನ್‌ಗೆ ಬೇರೆ ಬಲದಲ್ಲಿ ಸ್ಪಂದಿಸುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡಿದೆ. ದಿನಾ ತಿಂದರೆ ಗ್ರಾಹಕಗಳು ಬೇಗ ಮೊಂಡಾಗುತ್ತವೆ. ಖಿನ್ನತೆಗೆ ಎಸ್‌ಎಸ್‌ಆರ್‌ಐ ಮಾತ್ರೆ ತಿನ್ನುವವರಲ್ಲಿ ಹಲವರು ಪರಿಣಾಮ ಮಂಕಾದದ್ದನ್ನು ಹೇಳಿದ್ದಾರೆ. ಲಿಥಿಯಂ ತಿನ್ನುವವರ ವಿಷಯ ಬೇರೆ: ಆ ಜೋಡಿಯಲ್ಲಿ ಫಿಟ್ಸ್ ಬಂದ ವರದಿಗಳಿವೆ.

ಕೊನೆಯದು ನಿರೀಕ್ಷೆ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 191 ಜನರ ಅಧ್ಯಯನ ಪ್ರಕಟಿಸಿದರು. ಭಾಗವಹಿಸಿದವರು ತಾವೇ ಕ್ಯಾಪ್ಸೂಲ್ ತುಂಬಿಸಿ, ಕ್ಯೂಆರ್ ಕೋಡ್ ಇರುವ ಲಕೋಟೆಗಳಲ್ಲಿ ಕಲೆಸಿ, ಯಾವುದರಲ್ಲಿ ಮದ್ದಿದೆ, ಯಾವುದು ಖಾಲಿ ಎಂಬುದನ್ನು ತಮಗೇ ತಿಳಿಯದಂತೆ ಮಾಡಿಕೊಂಡರು. ನಾಲ್ಕು ವಾರದ ನಂತರ ಮದ್ದು ನುಂಗಿದವರ ಮನಸ್ಥಿತಿ ಸುಧಾರಿಸಿತ್ತು. ಖಾಲಿ ಕ್ಯಾಪ್ಸೂಲ್ ನುಂಗಿದವರದ್ದೂ ಅಷ್ಟೇ ಸುಧಾರಿಸಿತ್ತು. ಇದನ್ನು ‘ಬರೀ ಭ್ರಮೆ’ ಎಂದು ತಳ್ಳಿಹಾಕುವುದೂ ತಪ್ಪು. 1978ರಲ್ಲೇ ಹಲ್ಲು ಕೀಳಿಸಿಕೊಂಡ ರೋಗಿಗಳಲ್ಲಿ ಪ್ಲಸೀಬೊ, ಅಂದರೆ ಮದ್ದಿಲ್ಲದ ಹುಸಿಮದ್ದು, ತಂದ ನೋವಿನ ಉಪಶಮನವನ್ನು, ದೇಹವೇ ತಯಾರಿಸುವ ನೋವುನಿವಾರಕಗಳನ್ನು ತಡೆಯುವ ನಲಾಕ್ಸೋನ್ ಎಂಬ ಮದ್ದು ಅಳಿಸಿಹಾಕಿತ್ತು; ನಿರೀಕ್ಷೆಯೂ ದೇಹದೊಳಗೆ ರಸಾಯನ ಸುರಿಸುತ್ತದೆ. ಶೇ. 15ರಷ್ಟು ಗ್ರಾಹಕ ತುಂಬಿದ ದುರ್ಬಲ ಸಂಕೇತದ ಮೇಲೆ ಈ ರಸಾಯನ ಸುಲಭವಾಗಿ ಸವಾರಿ ಮಾಡುತ್ತದೆ.

ಮಳೆಗಾಲದಲ್ಲಿ ನಿಜವಾಗಿ ಕಳವಳ ಹುಟ್ಟಿಸುವ ಭಿನ್ನತೆ ಇನ್ನೊಂದಿದೆ. ಸಗಣಿಯ ಮೇಲೆ, ಕೊಳೆತ ಮರದ ಮೇಲೆ ಎದ್ದ ಕಂದು ಅಣಬೆಯನ್ನು ಚಿತ್ರ ನೋಡಿ ಹೊಂದಿಸಿ ತಿನ್ನುವುದು. ಸೈಲೋಸೈಬಿನ್ ಮಾದಕವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ನಿಷಿದ್ಧ ಎಂಬುದು ಹಾಗಿರಲಿ, ಗ್ಯಾಲರೈನಾದಂಥ ಕಂದು ಅಣಬೆಗಳಲ್ಲಿ ಯಕೃತ್ತನ್ನು ಕೊಲ್ಲುವ ಅಮಟಾಕ್ಸಿನ್ ಇರುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗುವುದು, ಬೆಳ್ಳುಳ್ಳಿ ಬಣ್ಣ ಬದಲಾಗುವುದು, ಹುಳು ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವುದು, ಇವುಗಳಲ್ಲಿ ಒಂದೂ ಆ ವಿಷವನ್ನು ಹಿಡಿಯಲಾರದು. ತಿಂದು 6ರಿಂದ 12 ಗಂಟೆ ಏನೂ ಅನಿಸದೆ, ಆಮೇಲೆ ವಾಂತಿ ಭೇದಿ ಶುರುವಾಗುತ್ತದೆ. ಅದು ನಿಂತು ಒಂದು ದಿನ ಆರಾಮ ಅನಿಸುವ ಹೊತ್ತಿನಲ್ಲೇ ಯಕೃತ್ತು ಸಾಯುತ್ತಿರುತ್ತದೆ. ಆರಾಮಾಯಿತೆಂದು ಮನೆಯಲ್ಲಿ ಕೂರದೆ, ಉಳಿದ ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಅದು ಬೆವೆತು ಕೊಳೆತು, ಯಾವ ಜಾತಿಯೆಂದು ಗುರುತಿಸಲು ಏನೂ ಉಳಿಯುವುದಿಲ್ಲ.