ಗೋಳಗುಮ್ಮಟದ ಇರುವೆಯೂ ಅಮೆರಿಕದ ವಿಮಾನವೂ

"ಭೂಮಿ ತಿರಗತೈತಲ್ಲೋ ತಮ್ಮಾ, ವಿಮಾನ ಮ್ಯಾಲೇರಿ ಸುಮ್ನ ನಿಂತ್ರ ಅಮೆರಿಕಾನ ಕೆಳಗ ಬರತೈತಿ. ಇಷ್ಟ್ಯಾಕ ಎಣ್ಣಿ ಸುಡಬೇಕು?"

ವಿಜಯಪುರದ ನಮ್ಮ ಸೋದರಮಾವ ಇದನ್ನು ಹತ್ತು ಸಲವಾದರೂ ಕೇಳಿದ್ದಾರೆ. ಪ್ರಶ್ನೆ ಒಳ್ಳೆಯದೇ. ಓದಿದವರೂ ಇದನ್ನೇ ನಂಬಿ ಮಕ್ಕಳಿಗೆ ಹೇಳಿಕೊಡುತ್ತಾರಲ್ಲ, ಅದು ನನಗೆ ಸಹಿಸದು. ಬಾಗಲಕೋಟೆಗೆ ಹೊರಟ ಬಸ್ಸು ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಓಡುವಾಗ ಒಂದು ಪೇರಲಹಣ್ಣು ಮೇಲಕ್ಕೆ ತೂರಿ ನೋಡಿ. ಹಿಂದಿನ ಸೀಟಿಗೆ ಹೋಗದೆ ನಿಮ್ಮ ಕೈಗೇ ಬೀಳುತ್ತದೆ. ಬಸ್ಸಿನೊಳಗೆ ಹಾರುವ ನೊಣವೂ ಹಿಂದಿನ ಗಾಜಿಗೆ ಬಡಿಯುವುದಿಲ್ಲ. ನಮ್ಮ ಊರಿನ ನೆಲ ಗಂಟೆಗೆ ಸುಮಾರು 1600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಗಾಳಿಯೂ ವಿಮಾನವೂ ಮಾವನೂ ಅದರ ಜೊತೆಗೇ ಸಾಗುತ್ತಿದ್ದೇವೆ.

ಇನ್ನು ದೂರದ ಮಾತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಶಾಲೆಯ ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಪೂರ್ವಕ್ಕೆ ಸ್ಕೇಲಿಟ್ಟು ಗೆರೆ ಎಳೆದು ಅದರ ಮೇಲೇ ಹಾರಿದರೆ 16,000 ದಾಟುತ್ತದೆ! ಗೋಳಗುಮ್ಮಟದ ಗುಮ್ಮಟವನ್ನೇ ನೆನೆಯಿರಿ. ಅರ್ಧ ಎತ್ತರದಲ್ಲಿ ಈ ಕಡೆ ಒಂದು ಇರುವೆ, ಅದೇ ಎತ್ತರದಲ್ಲಿ ಸರಿಯಾಗಿ ಆ ಕಡೆ ಒಂದು ಸಕ್ಕರೆ ಹರಳು. ಇರುವೆ ಸುತ್ತುಬಳಸಿ ಹೋದರೆ ದಾರಿ ಉದ್ದ, ನೆತ್ತಿ ಹತ್ತಿ ಇಳಿದರೆ ಗಿಡ್ಡ. ಭೂಮಿಯ ಗುಮ್ಮಟಕ್ಕೆ ಉತ್ತರ ಧ್ರುವವೇ ನೆತ್ತಿ. ನಮ್ಮ ಗಿಡ್ಡ ದಾರಿ ಸರಿಯಾಗಿ ನೆತ್ತಿಗೇ ಹೋಗದಿದ್ದರೂ 70 ಡಿಗ್ರಿ ಅಕ್ಷಾಂಶದ ಆಚೆಗೆ, ಸೈಬೀರಿಯಾದ ಹಿಮದ ಮೇಲೆ ಹಾಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಧ್ರುವದ ಹಾದಿಯಲ್ಲೇ ವಿಮಾನ ತಂದರು. ಆ ಸುದ್ದಿ ಓದಿದ ದಿನ ನಾನು ಮನೆಯ ಚೆಂಡಿಗೆಲ್ಲ ದಾರ ಸುತ್ತಿ ನೋಡಿದ್ದೆ.

ಮಾವನ ಮಾತು ನಿಜವಾಗಿದ್ದರೆ ಪಶ್ಚಿಮಕ್ಕೆ ಹೊರಟ ವಿಮಾನವೇ ಬೇಗ ಮುಟ್ಟಬೇಕಿತ್ತು. ಆಗುವುದು ಬಹುಪಾಲು ತದ್ವಿರುದ್ಧ. ಕಾರಣ ಜೆಟ್ ಸ್ಟ್ರೀಮ್. ನೆಲದಿಂದ ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಅದು. ಆ ಹೊಳೆಯನ್ನು ಪೂರ್ವಕ್ಕೆ ಹೊರಳಿಸುವುದರಲ್ಲಿ ಭೂಮಿಯ ತಿರುಗಾಟದ ಪಾಲಿದೆ, ಮಾವನಿಗೆ ಅಷ್ಟು ಬಿಟ್ಟುಕೊಡುತ್ತೇನೆ. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಬಲೂನು ಹಾರಿಬಿಟ್ಟು ಈ ಗಾಳಿಯನ್ನು ಅಳೆದರು. ಜಗತ್ತೆಲ್ಲ ಓದಲಿ ಎಂಬ ಆಸೆಯಿಂದ ವರದಿಯನ್ನು ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಸಮಾನವಾಗಿರಲೆಂದು ಕಟ್ಟಿದ ಭಾಷೆಯಲ್ಲಿ ಬರೆದರು, ಓದಿದವರು ಬೆರಳೆಣಿಕೆಯಷ್ಟು. 1944ರಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರ್‌ಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಇದನ್ನು ನೆನೆದಾಗಲೆಲ್ಲ ಓಯಿಶಿಯವರಿಗಾಗಿ ನನ್ನ ಹೊಟ್ಟೆ ಉರಿಯುತ್ತದೆ.

ಈಗ ಲೆಕ್ಕ. ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಎಂದಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ 14,000 ಕಿ.ಮೀ.ಗೆ 14 ಗಂಟೆ. ಅದೇ ಗಾಳಿ ಎದುರಿಗೆ ಬಂದರೆ ಹದಿನೇಳೂವರೆ. ಹೊಳೆಯ ಸೆಳವಿನ ಜೊತೆ ಹೋಗುವ ದೋಣಿಗೂ ಸೆಳವಿಗೆ ಎದುರಾಗಿ ಹುಟ್ಟು ಹಾಕುವ ದೋಣಿಗೂ ಇರುವಷ್ಟೇ ವ್ಯತ್ಯಾಸ. ಅದಕ್ಕೇ ಬೆನ್ನಗಾಳಿ ಸಿಗುವುದಾದರೆ, ಗಿಡ್ಡ ದಾರಿ ಬಿಟ್ಟು ನೂರಾರು ಕಿ.ಮೀ. ಉದ್ದದ ದಾರಿಯನ್ನೇ ಹಿಡಿದು ವಿಮಾನಗಳು ಬೇಗ ಊರು ಮುಟ್ಟುತ್ತವೆ.