ಕೆಂಪು ರಕ್ತಕಣವನ್ನು ಹಿಡಿದು ಪ್ರೋಟೀನ್ ಕಲಿಯುವುದು: ಒಂದು ಅಧ್ಯಯನ ಟಿಪ್ಪಣಿ

ಜೀನ್‌ಗಳನ್ನು ಓದಿದ ಮೇಲೆ ಪ್ರೋಟೀನ್‌ಗಳನ್ನು ಬೇರೆಯಾಗಿ ಯಾಕೆ ಓದಬೇಕು? ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ನೇರ ಉತ್ತರ ಕೆಂಪು ರಕ್ತಕಣದಲ್ಲಿದೆ. ಅಸ್ಥಿಮಜ್ಜೆಯಲ್ಲಿ ಬೆಳೆಯುತ್ತಿರುವಾಗಲೇ ಈ ಕಣ ತನ್ನ ಕೋಶಕೇಂದ್ರವನ್ನು ಹೊರಗೆ ತಳ್ಳಿಬಿಡುತ್ತದೆ. ಆಮೇಲೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ, ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳೂ ಹೋಗುತ್ತವೆ. ಬಲಿತ ಕಣದೊಳಗೆ ಓದಲು ಡಿಎನ್‌ಎ ಉಳಿದಿರುವುದಿಲ್ಲ, ಹೊಸ ಪ್ರೋಟೀನ್ ಕಟ್ಟುವ ಸಲಕರಣೆಯೂ ಇರುವುದಿಲ್ಲ. ಆದರೂ ಅದು ಸುಮಾರು 120 ದಿನ ಬದುಕುತ್ತದೆ, ತನಗಿಂತ ಕಿರಿದಾದ ರಕ್ತನಾಳಗಳಲ್ಲಿ ಮೈ ಮಡಚಿಕೊಂಡು ನುಗ್ಗುತ್ತದೆ, ಅಂಗಾಂಗಗಳಿಗೆ ಆಮ್ಲಜನಕ ಮುಟ್ಟಿಸುತ್ತದೆ. ಮೊದಲೇ ಕಟ್ಟಿಟ್ಟ ಪ್ರೋಟೀನ್‌ಗಳೇ ಇಷ್ಟನ್ನೂ ನಡೆಸುತ್ತವೆ. ಒಂದು ಕಣದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್‌ನ ಅಣುಗಳೇ ಸುಮಾರು 27 ಕೋಟಿ.

ಆದ್ದರಿಂದ ಈ ಟಿಪ್ಪಣಿಯಲ್ಲಿ ಬೇರೆ ಬೇರೆ ಉದಾಹರಣೆಗಳ ಬೆನ್ನು ಹತ್ತದೆ ಆದಷ್ಟೂ ಹಿಮೋಗ್ಲೋಬಿನ್ ಸುತ್ತಲೇ ಇರುತ್ತೇನೆ. ಒಂದು ಪ್ರೋಟೀನನ್ನು ಚೆನ್ನಾಗಿ ಅರಿತುಕೊಂಡರೆ ಉಳಿದವುಗಳನ್ನು ಓದುವ ದಾರಿ ತಾನಾಗಿ ತೆರೆದುಕೊಳ್ಳುತ್ತದೆ ಎನ್ನುವುದು ನನ್ನ ಅನುಭವ.

ಪದಗಳ ಬಗ್ಗೆ ಮೊದಲಿಗೆ ಎರಡು ಮಾತು. ಜೀವಿಯೊಂದರ ಪೂರ್ಣ ಡಿಎನ್‌ಎ ಬರಹ ಜೀನೋಮ್. ಒಂದು ಕೋಶ ಅಥವಾ ಅಂಗಾಂಶದಲ್ಲಿ ಒಂದು ಹೊತ್ತಿಗೆ ಇರುವ ಎಲ್ಲ ಪ್ರೋಟೀನ್‌ಗಳ ಸಮೂಹ ಪ್ರೋಟಿಯೋಮ್. ಈ ಎರಡನೆಯ ಪದವನ್ನು ಮಾರ್ಕ್ ವಿಲ್ಕಿನ್ಸ್ 1994ರಲ್ಲಿ ಬಳಕೆಗೆ ತಂದರು. ವ್ಯಾಖ್ಯೆಯಲ್ಲಿರುವ ‘ಒಂದು ಹೊತ್ತಿಗೆ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಜೀನೋಮ್ ಹುಟ್ಟಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಪ್ರೋಟಿಯೋಮ್ ಗಂಟೆಗಂಟೆಗೂ ಬದಲಾಗುತ್ತದೆ.

ಒಂದೇ ಜೀನೋಮ್, ಬೇರೆ ಹಿಮೋಗ್ಲೋಬಿನ್

ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ ಸರಪಳಿ, ಎರಡು ಗಾಮಾ ಸರಪಳಿ (ಸರಪಳಿ ಎಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳನ್ನು ಸಾಲಾಗಿ ಪೋಣಿಸಿದ್ದು). ಇದಕ್ಕೆ ಹಿಮೋಗ್ಲೋಬಿನ್-ಎಫ್ ಎಂದು ಹೆಸರು. ವಯಸ್ಕರಲ್ಲಿ ಗಾಮಾ ಜಾಗಕ್ಕೆ ಬೀಟಾ ಬಂದಿರುತ್ತದೆ, ಅದು ಹಿಮೋಗ್ಲೋಬಿನ್-ಎ. ಶಿಶುವಿನ ರೂಪ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ ತಾಯಿಯ ರಕ್ತದಿಂದ ಅದನ್ನು ಎಳೆದುಕೊಳ್ಳಲು ಸಾಧ್ಯವಾಗುತ್ತದೆ. ಹುಟ್ಟಿದ ಮೇಲಿನ ತಿಂಗಳುಗಳಲ್ಲಿ ಗಾಮಾ ಕಡಿಮೆಯಾಗುತ್ತಾ ಬೀಟಾ ಹೆಚ್ಚುತ್ತದೆ. ಗಾಮಾ ಜೀನ್ ಎಲ್ಲಿಗೂ ಹೋಗಿರುವುದಿಲ್ಲ, ಸುಮ್ಮನಾಗಿರುತ್ತದೆ ಅಷ್ಟೇ. ಡಿಎನ್‌ಎ ಓದಿದರೆ ಎರಡೂ ಜೀನ್ ಇವೆ ಎಂದು ಗೊತ್ತಾಗುತ್ತದೆ. ಈಗ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಪ್ರೋಟೀನನ್ನೇ ಅಳೆಯಬೇಕು.

ಈಗ ಕುಡಗೋಲು ಕಣ ರೋಗಕ್ಕೆ (ಸಿಕಲ್ ಸೆಲ್, ಕೆಂಪು ಕಣಗಳು ಕುಡಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಬರೋಣ. 1949ರಲ್ಲಿ ಲೈನಸ್ ಪೌಲಿಂಗ್ ತಂಡ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿಯಲ್ಲಿ ಚಲಿಸುವುದನ್ನು ತೋರಿಸಿ, ಇದನ್ನು ಅಣುವಿನ ರೋಗ ಎಂದು ಕರೆಯಿತು. ಒಂದು ಕಾಯಿಲೆಯ ಬೇರು ಒಂದೇ ಒಂದು ಪ್ರೋಟೀನಿನಲ್ಲಿದೆ ಎಂದು ಹೇಳಿದ್ದು ವೈದ್ಯವಿಜ್ಞಾನಕ್ಕೆ ಆಗ ಹೊಸದು. ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚಿದವರು ಕೇಂಬ್ರಿಜ್‌ನ ವರ್ನನ್ ಇಂಗ್ರಮ್, 1956-57ರಲ್ಲಿ. ಅವರು ಹಿಮೋಗ್ಲೋಬಿನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಿ, ತುಂಡುಗಳನ್ನು ಕಾಗದದ ಮೇಲೆ ಎರಡು ದಿಕ್ಕಿಗೆ ಹರಡಿ ನೋಡಿದರು. ಒಂದೇ ಒಂದು ಚುಕ್ಕೆ ಜಾಗ ಬದಲಿಸಿತ್ತು. ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿತ್ತು.

ಲೆಕ್ಕ ಹಾಕಿ ನೋಡಿ. ಆಲ್ಫಾದಲ್ಲಿ 141 ಅಮೈನೋ ಆಮ್ಲ, ಬೀಟಾದಲ್ಲಿ 146. ಎರಡೆರಡು ಸರಪಳಿ ಸೇರಿ ಒಟ್ಟು 574. ಇವುಗಳಲ್ಲಿ ಬದಲಾದದ್ದು ಎರಡು ಮಾತ್ರ. ಗ್ಲುಟಾಮಿಕ್ ಆಮ್ಲಕ್ಕೆ ನೀರಿನ ನಂಟು ಇಷ್ಟ, ವ್ಯಾಲೀನ್‌ಗೆ ಇಷ್ಟವಿಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಸ್ಥಿತಿಯಲ್ಲಿ ಆ ವ್ಯಾಲೀನ್ ಪಕ್ಕದ ಅಣುವಿನ ಒಂದು ಗುಳಿಯೊಳಗೆ ಸೇರಿಕೊಳ್ಳುತ್ತದೆ. ಹೀಗೆ ಅಣುವಿಗೆ ಅಣು ಅಂಟಿ ಉದ್ದನೆಯ ನಾರುಗಳಾಗಿ ಕಣವನ್ನು ಒಳಗಿನಿಂದ ಎಳೆದು ಬಗ್ಗಿಸುತ್ತವೆ. ರೋಗಿಗೆ ಬರುವ ನೋವಿನ ಮೂಲ ಇಲ್ಲಿದೆ: ಬಗ್ಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ದಾರಿ ಮುಚ್ಚುತ್ತವೆ.

ಓದುವಾಗ ನನ್ನನ್ನು ತುಂಬಾ ದಿನ ಗೊಂದಲಕ್ಕೆ ತಳ್ಳಿದ ಒಂದು ಸಂಗತಿ: ಕೆಲವು ಕಡೆ ಇದೇ ಬದಲಾವಣೆಯನ್ನು 7ನೆಯ ಸ್ಥಾನ ಎಂದು ಬರೆದಿರುತ್ತಾರೆ. ಎರಡೂ ಸರಿ. ಜೀನ್‌ನ ಪ್ರಕಾರ ಸರಪಳಿಯ ಮೊದಲ ಅಮೈನೋ ಆಮ್ಲ ಮಿಥಿಯೋನಿನ್. ಪ್ರೋಟೀನ್ ತಯಾರಾಗುವಾಗ ಅದನ್ನು ಕತ್ತರಿಸಿ ತೆಗೆಯಲಾಗುತ್ತದೆ. ಜೀನ್‌ನಿಂದ ಎಣಿಸಿದರೆ 7, ನಿಜವಾಗಿ ಕೆಲಸ ಮಾಡುವ ಪ್ರೋಟೀನಿನಿಂದ ಎಣಿಸಿದರೆ 6. ಈ ಸಣ್ಣ ಕತ್ತರಿಕೆ ಮುಂದಿನ ಭಾಗಕ್ಕೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಜೀನ್‌ನಲ್ಲಿ ಬರೆದಿರದ ಬದಲಾವಣೆ

ಮಿಥಿಯೋನಿನ್ ಹೋದ ಮೇಲೆ ಬೀಟಾ ಸರಪಳಿಯ ತುದಿಯಲ್ಲಿ ನಿಲ್ಲುವುದು ಒಂದು ವ್ಯಾಲೀನ್. ರಕ್ತದಲ್ಲಿರುವ ಗ್ಲೂಕೋಸ್ ಯಾವ ಕಿಣ್ವದ ಸಹಾಯವೂ ಇಲ್ಲದೆ, ನಿಧಾನವಾಗಿ, ಈ ವ್ಯಾಲೀನಿಗೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಎಷ್ಟು ಹೆಚ್ಚೋ ಅಂಟುವ ಅಣುಗಳು ಅಷ್ಟು ಹೆಚ್ಚು. ಮಧುಮೇಹದ ಪರೀಕ್ಷೆಯಲ್ಲಿ ಬರುವ ಎಚ್‌ಬಿಎ1ಸಿ ಎಂಬುದು ಇದೇ: ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್‌ನ ಪಾಲು. ಕಣದ ಆಯುಸ್ಸು 120 ದಿನದ ಆಸುಪಾಸು ಇರುವುದರಿಂದ ಈ ಸಂಖ್ಯೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ. 6.5 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹದ ಲಕ್ಷಣ ಎಂದು ಪರಿಗಣಿಸುತ್ತಾರೆ.

ಇದರೊಳಗಿನ ಜಾಣತನವನ್ನು ಗಮನಿಸಿ. ಕಣ ಹಳೆಯ ಪ್ರೋಟೀನನ್ನು ತೆಗೆದು ಹೊಸದನ್ನು ಕಟ್ಟಲಾರದು. ಆ ಅಸಹಾಯಕತೆಯೇ ಅದನ್ನು ದಿನಚರಿ ಪುಸ್ತಕವನ್ನಾಗಿ ಮಾಡಿದೆ. ಇಲ್ಲಿಯೇ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ಯಾವುದೋ ಕಾರಣಕ್ಕೆ ಕಣಗಳು ಬೇಗ ಸಾಯುತ್ತಿದ್ದರೆ ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ, ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ಕುಡಗೋಲು ಕಣ ರೋಗದಲ್ಲಿ ಎಚ್‌ಬಿಎ1ಸಿಯನ್ನು ನೆಚ್ಚಿಕೊಳ್ಳಬಾರದು ಎನ್ನುವುದು ಇದಕ್ಕೇ. ಕಾರಣ ಗೊತ್ತಿದ್ದರೆ ಈ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಗ್ಲೂಕೋಸ್ ಅಂಟುವುದು ಆಕಸ್ಮಿಕ. ಕೋಶಗಳು ಬೇಕೆಂದೇ ಮಾಡುವ ಬದಲಾವಣೆಗಳೂ ಇವೆ. ಫಾಸ್ಫೇಟ್ ಅಂಟಿಸಿ ಕಿಣ್ವವನ್ನು ಚಾಲೂ ಮಾಡುವುದು ಅಥವಾ ನಿಲ್ಲಿಸುವುದು ಇವುಗಳಲ್ಲಿ ಮುಖ್ಯವಾದದ್ದು. ಇದನ್ನು ಕಂಡುಹಿಡಿದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನನ್ನು ಅಂಟಿಸಿ ಒಂದು ಪ್ರೋಟೀನನ್ನು ಒಡೆದುಹಾಕಲು ಕಳಿಸುವುದು ಇನ್ನೊಂದು. ಮನುಷ್ಯರಲ್ಲಿ ಪ್ರೋಟೀನ್ ಕಟ್ಟುವ ಜೀನ್‌ಗಳು ಸುಮಾರು 20,000. ಇಂಥ ಬದಲಾವಣೆಗಳನ್ನು ಸೇರಿಸಿಕೊಂಡರೆ ಪ್ರೋಟೀನ್ ರೂಪಗಳ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು.

ಅಳೆಯುವುದು ಯಾಕೆ ಕಷ್ಟ

ಡಿಎನ್‌ಎ ಸ್ವಲ್ಪವೇ ಇದ್ದರೆ ಪಿಸಿಆರ್‌ನಿಂದ ನಕಲು ಮಾಡಿ ಹೆಚ್ಚಿಸಿಕೊಳ್ಳಬಹುದು. ಪ್ರೋಟೀನಿಗೆ ಅಂಥ ನಕಲು ಯಂತ್ರವಿಲ್ಲ. ಮಾದರಿಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ಹುಡುಕಬೇಕು. ಜತೆಗೆ ಪ್ರಮಾಣದ ಅಂತರ ಬೇರೆ. ರಕ್ತದ ಪ್ಲಾಸ್ಮಾದಲ್ಲಿ (ಕಣಗಳನ್ನು ಬಿಟ್ಟ ದ್ರವಭಾಗ) ಆಲ್ಬುಮಿನ್ ಎಂಬ ಪ್ರೋಟೀನ್ ಲೀಟರಿಗೆ ಸುಮಾರು 40 ಗ್ರಾಂ. ಅದೇ ಪ್ಲಾಸ್ಮಾದಲ್ಲಿ ಇಂಟರ್‌ಲ್ಯೂಕಿನ್-6ರಂಥ ಸಂದೇಶವಾಹಕ ಪ್ರೋಟೀನ್ ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ (ಒಂದು ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಅಂದರೆ ಸಾವಿರ ಕೋಟಿ ಪಟ್ಟು ವ್ಯತ್ಯಾಸ. ರೋಗದ ಸುಳಿವು ಕೊಡುವ ಪ್ರೋಟೀನ್‌ಗಳು ಸಾಮಾನ್ಯವಾಗಿ ಈ ಕೆಳತುದಿಯಲ್ಲೇ ಇರುತ್ತವೆ.

ಇಂದಿನ ಪ್ರಯೋಗಾಲಯದ ದಾರಿ ಇಂಗ್ರಮ್ ನಡೆದ ದಾರಿಯ ಮುಂದುವರಿಕೆಯೇ. ಈಗಲೂ ಬಳಸುವುದು ಅದೇ ಟ್ರಿಪ್ಸಿನ್. ಅದು ಲೈಸೀನ್ ಮತ್ತು ಆರ್ಜಿನೀನ್ ಆದ ಮೇಲೆ ಕತ್ತರಿಸುತ್ತದೆ, ಆದ್ದರಿಂದ ಯಾವ ಪ್ರೋಟೀನ್ ಎಂಥ ತುಂಡುಗಳಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಬದಲಾದದ್ದು ನೋಡುವ ಸಾಧನ: ಕಾಗದದ ಮೇಲಿನ ಚುಕ್ಕೆಯ ಜಾಗಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬಂದಿದೆ. ಅದು ತುಂಡುಗಳನ್ನು ತೂಗುತ್ತದೆ. ಫಾಸ್ಫೇಟ್ ಅಂಟಿದ್ದರೆ ತೂಕ 80 ಡಾಲ್ಟನ್ (ಅಣುಗಳ ತೂಕದ ಅಳತೆ) ಹೆಚ್ಚು, ಗ್ಲೂಕೋಸ್ ಅಂಟಿದ್ದರೆ 162. ದೊಡ್ಡ ಅಣುಗಳನ್ನು ಒಡೆಯದೆ ಗಾಳಿಗೆ ಎಬ್ಬಿಸಿ ತೂಗುವ ಉಪಾಯಗಳಿಗೆ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ 2002ರ ನೊಬೆಲ್‌ನಲ್ಲಿ ಪಾಲು ಪಡೆದರು. ಈ ಉಪಾಯಗಳಿಲ್ಲದೆ ಪ್ರೋಟಿಯೋಮಿಕ್ಸ್, ಅಂದರೆ ಪ್ರೋಟಿಯೋಮ್‌ನ ಅಧ್ಯಯನ, ಇಷ್ಟು ದೂರ ಬರುತ್ತಿರಲಿಲ್ಲ.

ಆಕಾರ, ಚಲನೆ

ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್ ಹರಳುಗಳ ಮೇಲೆ ಎಕ್ಸ್-ಕಿರಣ ಹಾಯಿಸಲು ತೊಡಗಿದ್ದು 1937ರಲ್ಲಿ. ರಚನೆ ಕೈಗೆ ಸಿಕ್ಕಿದ್ದು 1959ರಲ್ಲಿ. 22 ವರ್ಷ ಒಂದೇ ಅಣುವಿನ ಹಿಂದೆ! ಆ ತಾಳ್ಮೆಯ ಮುಂದೆ ನನಗೆ ತಲೆಬಾಗಬೇಕೆನಿಸುತ್ತದೆ. 1962ರಲ್ಲಿ ಅವರಿಗೂ ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್‌ನ ರಚನೆ ಬಿಡಿಸಿದ ಜಾನ್ ಕೆಂಡ್ರ್ಯೂಗೂ ನೊಬೆಲ್ ಸಿಕ್ಕಿತು. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ನಕ್ಷೆ, ಸರಪಳಿಯ ಯಾವ ತಿರುವುಗಳು ಸಾಧ್ಯ, ಯಾವುವು ಅಸಾಧ್ಯ ಎಂದು ತೋರಿಸಿತು. ಹೊಸ ರಚನೆ ಸರಿಯಿದೆಯೇ ಎಂದು ನೋಡಲು ಇವತ್ತಿಗೂ ಅದೇ ನಕ್ಷೆಯನ್ನು ಬಳಸುತ್ತಾರೆ.

2020ರಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶವಾದ ಆಲ್ಫಾಫೋಲ್ಡ್‌ನ ಎರಡನೆಯ ಆವೃತ್ತಿ ಅಮೈನೋ ಆಮ್ಲಗಳ ಸಾಲಿನಿಂದಲೇ ಅನೇಕ ಪ್ರೋಟೀನ್‌ಗಳ ಆಕಾರವನ್ನು ಪ್ರಯೋಗಕ್ಕೆ ಸಮೀಪವಾಗಿ ಊಹಿಸಿತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಊಹಿತ ರಚನೆಗಳು ಎಲ್ಲರಿಗೂ ತೆರೆದುಕೊಂಡವು. 2024ರ ರಸಾಯನ ನೊಬೆಲ್‌ನ ಅರ್ಧ ಆಲ್ಫಾಫೋಲ್ಡ್ ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ, ಇನ್ನರ್ಧ ಹೊಸ ಪ್ರೋಟೀನ್‌ಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್‌ಗೆ.

ಹಾಗಾದರೆ ಪ್ರಯೋಗಾಲಯದ ಕೆಲಸ ಮುಗಿಯಿತೇ ಎಂದು ಸಹಪಾಠಿಗಳು ಕೇಳುತ್ತಾರೆ. ಮತ್ತೆ ಹಿಮೋಗ್ಲೋಬಿನ್‌ಗೆ ಹೋಗಿ ನೋಡಿ. ಆಮ್ಲಜನಕ ಹಿಡಿದಾಗ ಅದರ ಒಂದು ಅರ್ಧ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತದೆ. ಶ್ವಾಸಕೋಶದಲ್ಲಿ ತುಂಬಿಕೊಂಡು ಅಂಗಾಂಗಗಳಲ್ಲಿ ಬಿಟ್ಟುಕೊಡುವ ಗುಣ ಬರುವುದು ಈ ತಿರುಗುವಿಕೆಯಿಂದ. ಒಂದು ನಿಂತ ಚಿತ್ರದಲ್ಲಿ ಅದು ಕಾಣುವುದಿಲ್ಲ. ಕುಡಗೋಲು ಕಣ ರೋಗದ ಹಿಮೋಗ್ಲೋಬಿನ್‌ನದೂ ಇದೇ ಕಥೆ. ಬಿಡಿ ಅಣುವಿನ ಮಡಿಕೆ ಆರೋಗ್ಯವಂತರದಂತೆಯೇ ಇರುತ್ತದೆ; ತೊಂದರೆ ಏಳುವುದು ಪಕ್ಕದ ಅಣುವಿನೊಂದಿಗೆ ಅದು ನಡೆದುಕೊಳ್ಳುವ ರೀತಿಯಲ್ಲಿ. ಆಲ್ಫಾಫೋಲ್ಡ್ ಬಹಳ ದೊಡ್ಡ ಸಾಧನೆ ಎಂದು ಒಪ್ಪುತ್ತಲೇ ಇಷ್ಟನ್ನು ಬಿಡಿಸಿ ತಿಳಿದುಕೊಳ್ಳಬೇಕು.

ಆಸ್ಪತ್ರೆಯಲ್ಲಿ

ಹೃದಯದ ಸ್ನಾಯುವಿಗೂ ಕಾಲಿನ ಸ್ನಾಯುವಿಗೂ ಡಿಎನ್‌ಎ ಒಂದೇ. ಟ್ರೋಪೋನಿನ್ ಎಂಬ ಪ್ರೋಟೀನಿನ ರೂಪ ಮಾತ್ರ ಬೇರೆ. ಹೃದಯಾಘಾತದಲ್ಲಿ ಕೋಶಗಳು ಒಡೆದಾಗ ಹೃದಯದ ಟ್ರೋಪೋನಿನ್ ರಕ್ತಕ್ಕೆ ಸೇರಿ ಕೆಲವೇ ಗಂಟೆಗಳಲ್ಲಿ ಏರುತ್ತದೆ. ವೈದ್ಯರು ಪರೀಕ್ಷೆಯನ್ನು ಮತ್ತೆ ಮಾಡಿಸುವುದು ಆ ಏರಿಳಿತ ನೋಡಲು.

ಔಷಧಿಗಳಲ್ಲಿ ಬಹುಪಾಲು ಹೋಗಿ ಕೂರುವುದೂ ಪ್ರೋಟೀನ್‌ಗಳ ಮೇಲೆಯೇ. ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಬಿಡುವಿಲ್ಲದೆ ಫಾಸ್ಫೇಟ್ ಅಂಟಿಸುತ್ತಾ ಕೋಶವನ್ನು ವಿಭಜನೆಗೆ ದೂಡುತ್ತದೆ. ಅದರ ಗುಳಿಗೆ ಹೊಂದುವಂತೆ ರೂಪಿಸಿದ ಇಮಾಟಿನಿಬ್‌ಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸೂಕ್ಷ್ಮಾಣು ಪತ್ತೆಯಲ್ಲಿ ಆದ ಬದಲಾವಣೆಯೂ ದೊಡ್ಡದೇ: ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಮಾಲ್ಡಿ-ಟಾಫ್ ಎಂಬ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ಕೊಟ್ಟರೆ ಅದರ ರೈಬೋಸೋಮ್ ಪ್ರೋಟೀನ್‌ಗಳ ತೂಕದ ಗುರುತಿನಿಂದ ನಿಮಿಷಗಳಲ್ಲಿ ಜಾತಿ ಗೊತ್ತಾಗುತ್ತದೆ.

ಸೋಲಿನಿಂದ ಕಲಿಯುವುದೂ ಇದೆ, ಅದನ್ನು ಬಿಟ್ಟು ಮುಂದೆ ಹೋಗಬಾರದು. 2002ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ವರದಿ, ರಕ್ತದ ಪ್ರೋಟೀನ್ ವಿನ್ಯಾಸ ನೋಡಿ ಅಂಡಾಶಯದ ಕ್ಯಾನ್ಸರ್ ಹೇಳಬಹುದು ಎಂದಿತು. ಕ್ಯಾನ್ಸರ್ ಇದ್ದ 50 ಮಾದರಿಗಳಲ್ಲಿ 50ನ್ನೂ, ಇಲ್ಲದ 66ರಲ್ಲಿ 63ನ್ನೂ ಸರಿಯಾಗಿ ಗುರುತಿಸಿತ್ತು. ಕೇಳಲು ಅದ್ಭುತ. ಈಗ ಒಂದು ಲಕ್ಷ ಮಹಿಳೆಯರಲ್ಲಿ 40 ಮಂದಿಗೆ ರೋಗವಿದೆ ಎಂದು ಊಹಿಸಿಕೊಂಡು ಲೆಕ್ಕ ಮಾಡಿ. 66ಕ್ಕೆ 3 ತಪ್ಪು ಎಂದರೆ ಆರೋಗ್ಯವಂತರಲ್ಲಿ ಸುಮಾರು 4,500 ಮಂದಿಗೆ ಕ್ಯಾನ್ಸರ್ ಇದೆ ಎಂಬ ಸುಳ್ಳು ಸುದ್ದಿ ಹೋಗುತ್ತದೆ. 40 ನಿಜದ ಜತೆ 4,500 ಸುಳ್ಳು! ಇನ್ನೂ ಮುಖ್ಯವಾಗಿ, ಬೇರೆ ತಂಡಗಳು ಅಂಕಿಅಂಶವನ್ನು ಮರುಪರಿಶೀಲಿಸಿದಾಗ, ಕಂಡ ವ್ಯತ್ಯಾಸ ರೋಗದ್ದೋ ಅಥವಾ ಮಾದರಿಗಳನ್ನು ಯಂತ್ರದಲ್ಲಿ ಓಡಿಸಿದ ಕ್ರಮದ್ದೋ ಎಂಬ ಗಂಭೀರ ಸಂಶಯ ಎದ್ದಿತು. ಪ್ರೋಟೀನ್ ಗಂಟೆಗಂಟೆಗೂ ಬದಲಾಗುವ ವಸ್ತು. ರಕ್ತ ತೆಗೆದ ಮೇಲೆ ಎಷ್ಟು ಹೊತ್ತು ಹೊರಗಿತ್ತು ಎನ್ನುವುದೂ ಫಲಿತಾಂಶದಲ್ಲಿ ಸೇರಿಕೊಂಡುಬಿಡುತ್ತದೆ.

ಕೊನೆಯದಾಗಿ ಕುಡಗೋಲು ಕಣ ರೋಗದ ಚಿಕಿತ್ಸೆ. ಈ ರೋಗವಿರುವ ಎಳೆಯ ಶಿಶುಗಳಲ್ಲಿ ತೊಂದರೆ ಕಾಣದಿರುವುದಕ್ಕೆ ಹಿಮೋಗ್ಲೋಬಿನ್-ಎಫ್ ಕಾರಣವಿರಬಹುದು ಎಂದು ಜಾನೆಟ್ ವಾಟ್ಸನ್ 1948ರಲ್ಲೇ ಸೂಚಿಸಿದ್ದರು. ಗಾಮಾ ಜೀನನ್ನು ಸುಮ್ಮನಾಗಿಸುವುದರಲ್ಲಿ ಬಿಸಿಎಲ್11ಎ ಎಂಬ ಪ್ರೋಟೀನಿನ ಪಾತ್ರ ದೊಡ್ಡದು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ರೋಗಿಯ ರಕ್ತ ಹುಟ್ಟಿಸುವ ಮೂಲಕೋಶಗಳನ್ನು ಹೊರತೆಗೆದು, ಬಿಸಿಎಲ್11ಎ ಜೀನಿನ ಒಂದು ನಿಯಂತ್ರಣ ತಾಣವನ್ನು ಡಿಎನ್‌ಎ ಕತ್ತರಿಸುವ ಸಾಧನವಾದ ಕ್ರಿಸ್ಪರ್‌ನಿಂದ ಕತ್ತರಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ; ಆಗ ಸುಮ್ಮನಿದ್ದ ಗಾಮಾ ಜೀನ್ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಹೆಸರಿಗೆ ಇದು ಜೀನ್ ಚಿಕಿತ್ಸೆ. ಆ ಮೂಲಕೋಶದಿಂದ ಹುಟ್ಟಿದ ಕೆಂಪು ಕಣ ಎಂದಿನಂತೆ ತನ್ನ ಕೋಶಕೇಂದ್ರವನ್ನು, ಅದರೊಳಗಿನ ತಿದ್ದಿದ ಡಿಎನ್‌ಎಯನ್ನು, ಹೊರಗೆ ತಳ್ಳಿಯೇ ರಕ್ತಕ್ಕೆ ಇಳಿಯುತ್ತದೆ. ನಾಳಗಳಲ್ಲಿ ಬಗ್ಗದೆ ಹರಿಯಲು ಅದಕ್ಕೆ ಉಳಿದಿರುವುದು ಗಾಮಾ ಸರಪಳಿ. ಚಿಕಿತ್ಸೆ ಹಿಡಿಯಿತೇ ಎಂದು ತಿಳಿಯಲು ವೈದ್ಯರು ರಕ್ತದ ಮಾದರಿಯಲ್ಲಿ ಅಳೆಯುವುದರಲ್ಲಿ ಹಿಮೋಗ್ಲೋಬಿನ್-ಎಫ್‌ನ ಪಾಲು ಮುಖ್ಯವಾದದ್ದು.